ಕಾರಿನ ಕೆಳಗಿನಿಂದ

ಅಪ್ಪಾ,

ಮೊನ್ನೆ ಕೊಂಡ ಹಳೇ ಕಾರಿನ ಬ್ರೇಕ್ ಆಯಿಲ್ ದಿನಾ ಇಳಿಯುತ್ತಿತ್ತು. ನಿಲ್ಲಿಸಿದ ಜಾಗದಲ್ಲಿ ಮಾತ್ರ ಒಂದು ಹನಿಯೂ ಇರುತ್ತಿರಲಿಲ್ಲ. ಇವತ್ತು ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ನಾನು ಕೆಳಗೆ ನುಸುಳಿದೆ.

"ಬ್ರೇಕ್ ಒತ್ತಮ್ಮಾ," ಎಂದೆ. ಹಿಂದಿನ ಎಡಚಕ್ರದ ರಬ್ಬರ್ ಪೈಪಿನ ಬಿರುಕಿನಲ್ಲಿ ಹನಿ ಇಣುಕಿತು. "ಬಿಡು," ಎಂದೆ. ನಿಂತಿತು. ಬ್ರೇಕ್ ಒತ್ತಿದಾಗ ಮಾತ್ರ ಸೋರುವ ಕಳ್ಳ ಸಿಕ್ಕಿಬಿದ್ದ!

ಹೊಸ ಪೈಪನ್ನು ನಾನೇ ಹಾಕಿದೆ. ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆಯುವಾಗಲೂ ಪೆಡಲ್ ತುಳಿದವಳು ಅಮ್ಮನೇ. "ಕಾಲು ಬಿದ್ದುಹೋಯ್ತು ಕಣೇ, ನಿಮ್ಮಪ್ಪನಿಗೋಸ್ಕರ ನೀನು ಅದು ಹೇಗೆ ತುಳೀತಿದ್ಯೋ!" ಎಂದು ಗೊಣಗಿದಳು.

ನೀನಿದ್ದಾಗ ಕಾರಿನ ಕೆಳಗೆ ನೀನು, ಪೆಡಲಿನ ಮೇಲೆ ನಾನು. ನಾನೂ ಕೆಳಗೆ ಬರುತ್ತೇನೆಂದರೆ, "ಬೇಡ ಮಗಳೇ, ಬಟ್ಟೆ ಕೊಳೆಯಾಗುತ್ತೆ," ಎನ್ನುತ್ತಿದ್ದೆ.

ಬಟ್ಟೆಯೆಲ್ಲ ಕೊಳೆಯಾಗಿದೆ, ಅಪ್ಪಾ. ಬ್ರೇಕ್ ಗಕ್ಕನೆ ಹಿಡಿಯುತ್ತದೆ.