ಹೊಸಿಲು ಕೊಯ್ದ ಮನೆಗೆ ಬಂದ ನೋಟಿಸು

ಮಾನ್ಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೇ,

ನಮ್ಮ ಮನೆ ಬಾಗಿಲಿನಿಂದ ರಸ್ತೆಗೆ ಕಟ್ಟಿಸಿದ್ದ ಇಳಿಜಾರನ್ನು 'ಚರಂಡಿ ಒತ್ತುವರಿ' ಎಂದು ತಾವು ಜೆಸಿಬಿ ತಂದು ಒಡೆಸಿ ಇಂದಿಗೆ ಹತ್ತೊಂಬತ್ತು ದಿನ. ಅಂದಿನಿಂದ ನನ್ನ ಗಂಡ ಸಂತೋಷ್ ಹೊರಗಿನ ಬಿಸಿಲು ಕಂಡಿಲ್ಲ. ಚರಂಡಿ ಮಾತ್ರ ಬಹಳ ಸುಖವಾಗಿದೆ. ಅಭಿನಂದನೆಗಳು.

ಎಳನೀರು ಇಳಿಸಲು ಮರ ಹತ್ತಿದವರು ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಎರಡು ವರ್ಷವಾಯಿತು. ಕೈಗೇನೂ ಆಗಿಲ್ಲ. ಎದುರು ಸಾಲಿನ ಅಂಗಡಿಯಲ್ಲಿ ಕೂತು ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಕಟ್ಟುತ್ತಿದ್ದರು. ಮದ್ದೂರು, ಮಳವಳ್ಳಿ ಎರಡೂ ಕಡೆಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಗಾಲಿಕುರ್ಚಿ ಅಲ್ಲಿಗೆ ಹೋಗಲು ಅಡ್ಡಿ ಇದ್ದದ್ದು ನಮ್ಮ ಮನೆ ಮುಂದಿನ ಮೂರು ಮೆಟ್ಟಿಲು, ಅದಕ್ಕಿಂತ ಮೊದಲು ಹೊಸಿಲು.

ಹೊಸಿಲು ಎಂದರೇನೆಂದು ತಮಗೆ ಹೇಳಿಕೊಡಬೇಕಿಲ್ಲ. ನನ್ನ ಅತ್ತೆ ಸಣ್ಣತಾಯಮ್ಮ ನಲವತ್ತು ವರ್ಷ ಶುಕ್ರವಾರ ತಪ್ಪದೆ ಅದನ್ನು ತೊಳೆದು ಅರಿಶಿನ ಕುಂಕುಮ ಇಟ್ಟವರು. ತಿಳಿಯದೆ ಮೆಟ್ಟಿದ್ದಕ್ಕೆ ಮದುವೆಯಾದ ವಾರವೇ ನನ್ನನ್ನು ಬೈದವರು. ಅದನ್ನು ತೆಗೆಸೋಣ ಎನ್ನುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಒಂದು ದಿನ ಅತ್ತೆಯೇ ಬಡಗಿ ಮರಿಸಿದ್ದಯ್ಯನನ್ನು ಕರೆಸಿದರು. ಆತ ಕೈಮುಗಿದು ಹಿಂದೆ ಸರಿದ.

"ನನ್ ಕೈಲಾಗಕಿಲ್ಲ ಕಣವ್ವ, ಪಾಪ ಸುತ್ಕತದೆ."

"ಕೊಡ್ಲಾ ಇಲ್ಲಿ ಗರಗಸ," ಎಂದು ಅತ್ತೆ ತಾವೇ ಕೂತು ಕೊಯ್ಯಲು ಶುರುಮಾಡಿದರು.

ಪಕ್ಕದ ಮನೆಯ ಪಟ್ಟಲಮ್ಮ ಬಾಯಿ ಬಡಿದುಕೊಂಡರು. "ಒಸ್ಲಿಲ್ದಿದ್ ಮನೇಲಿ ಲಕ್ಷ್ಮಿ ನಿಂತ್ಕತಾಳಾ ಅಕ್ಕ?"

"ನನ್ ಮಗ ಈಚ್ಗೆ ಬರಂಗಾಗ್ಲಿ. ಲಕ್ಷ್ಮಿ ಎಲ್ಲೂ ಓಗಕಿಲ್ಲ, ಬುಡಮ್ಮಿ."

ಓದು ಬರಹ ಬಾರದ ಹೆಂಗಸು ಮಗನಿಗಾಗಿ ದೇವರ ಜಾಗವನ್ನೇ ಕೊಯ್ದರು. ತಮಗೆ ಎರಡಡಿ ಚರಂಡಿ ಬಿಟ್ಟುಕೊಡಲಾಗಲಿಲ್ಲವೇ? ಆಮೇಲೆ ಮೆಟ್ಟಿಲ ಮೇಲೆ ಕಟ್ಟಿಸಿದ ಇಳಿಜಾರಿನ ಕೆಳಗೆ ಪೈಪು ಹಾಕಿಸಿದ್ದೆವು, ನೀರು ಒಂದು ದಿನವೂ ನಿಂತಿಲ್ಲ. ಬಗ್ಗಿ ನೋಡಿದಿರಾ? ಅದೇ ಸಾಲಿನಲ್ಲಿ ಕಾರು ಹತ್ತಿಸಲು ಚರಂಡಿಯ ಮೇಲೆ ಚಪ್ಪಡಿ ಹಾಸಿದ ಮನೆಗಳಿವೆ. ಅವುಗಳ ಮುಂದೆ ಜೆಸಿಬಿ ನಿಲ್ಲಲೇ ಇಲ್ಲ. ಕಾರಿಗೂ ನಾಲ್ಕು ಗಾಲಿ, ನನ್ನ ಗಂಡನ ಕುರ್ಚಿಗೂ ನಾಲ್ಕು. ವ್ಯತ್ಯಾಸವೇನು, ತಾವೇ ಹೇಳಿ.

ಇನ್ನು ಒಡೆಸಿದ ಮೇಲೆ ತಾವು ಕಳಿಸಿದ ನೋಟಿಸು. ಆಕ್ಷೇಪಣೆ ಇದ್ದಲ್ಲಿ ನನ್ನ ಗಂಡ ಖುದ್ದು ಹಾಜರಾಗಬೇಕಂತೆ. ತಮ್ಮ ಕಚೇರಿಗೆ ಆರು ಮೆಟ್ಟಿಲು! ಹೊತ್ತುಕೊಂಡು ಹೋಗೋಣ ಎಂದೆ. "ಎತ್ಕಂಡ್ ಓಗದಾದ್ರೆ ನನ್ ಎಣಾನೇ ಎತ್ಕಂಡ್ ಓಗಿ," ಎಂದು ಗೋಡೆಯ ಕಡೆ ತಿರುಗಿದರು. ಅವತ್ತು ತಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಒಡೆದ ಇಳಿಜಾರನ್ನು ಪಂಚಾಯಿತಿಯೇ ಮತ್ತೆ ಕಟ್ಟಿಸಿಕೊಡಬೇಕು, ಬರುವ ಶುಕ್ರವಾರದೊಳಗೆ. ವಿಚಾರಣೆ ನಡೆಸಲೇಬೇಕಿದ್ದರೆ ನಮ್ಮ ಮನೆಗೇ ಬನ್ನಿ, ಎಡವಲು ಹೊಸಿಲೂ ಇಲ್ಲ. ಆದರೆ ಕಾಲಿನ ಕೆಳಗೆ ನೋಡಿಕೊಂಡು ಬನ್ನಿ. ಹೊಸಿಲು ಹೋದ ಮೇಲೆ ಅತ್ತೆ ಅರಿಶಿನ ಕುಂಕುಮ ಇಡುತ್ತಿದ್ದದ್ದು ಆ ಇಳಿಜಾರಿಗೆ. ತಾವು ಒಡೆಸಿದ ಮೇಲೂ ಬಿಟ್ಟಿಲ್ಲ, ಅಲ್ಲಿ ಉಳಿದಿರುವ ಕಾಂಕ್ರೀಟಿನ ಚೂರಿಗೇ ಇಡುತ್ತಿದ್ದಾರೆ.

ಇಂತಿ,
ಹೊಸಿಲು ಹೋದರೂ ಹೊರಗೆ ಬರಲಾಗದ ಮನೆಯ ಸೊಸೆ,
ಅಮೃತ