ಕೈಗುಣದ ಮಾತು

ಜೂನ್ ೧೨, ಸೋಮವಾರ

ಮಗಳೇ,

ಈ ಮನೆಯ ಹಿರಿಯಳು ಬರೆಯುತ್ತಿದ್ದೇನೆ. ನಾನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಇವತ್ತು ಅದನ್ನು ಮೊದಲು ಬರೆಯದೆ ಮುಂದಿನದು ಬರೆಯಲಾಗುವುದಿಲ್ಲ. ಹತ್ತೊಂಬತ್ತನೇ ವರ್ಷಕ್ಕೆ ಸೊಸೆಯಾಗಿ ಬಂದೆ. ಐವತ್ತೆರಡು ವರ್ಷದಿಂದ ಇಲ್ಲಿ ನನ್ನ ಮಾತಿಗೆ ಎದುರಿಲ್ಲ. ಬೀದಿಯಲ್ಲಿ ಯಾರ ಮನೆಯ ಗಿಡ ಬಾಡಿದರೂ, ಯಾರ ಮನೆಯ ಅಡುಗೆ ಕೆಟ್ಟರೂ, ‘ಅಮ್ಮನ ಕೈಗುಣ ಒಂದ್ಸಲ ತಾಗ್ಲಿ’ ಎಂದು ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ. ಹೊಗಳಿಸಿಕೊಂಡು ಬರುತ್ತೇನೆ.

ಅಳಿಯಂದಿರ ಪತ್ರ ಬಂದು ಹದಿನೇಳು ದಿನವಾಯಿತು. ಉತ್ತರ ತಡವಾದದ್ದಕ್ಕೆ ಮಂಡಿನೋವಿನ ನೆಪ ಹೇಳಬಹುದಿತ್ತು. ನೋವೇನೂ ಸುಳ್ಳಲ್ಲ, ಆದರೆ ಮಂಡಿಯಿಂದ ಯಾರೂ ಪತ್ರ ಬರೆಯುವುದಿಲ್ಲ. ನನಗೆ ಸಾಲದೆ ಹೋದದ್ದು ಧೈರ್ಯ.

ಅವರು ಬರೆದದ್ದು ಇಷ್ಟು. ಮಕ್ಕಳ ಆಶ್ರಮದವರು ಎರಡೂವರೆ ವರ್ಷದ ಹೆಣ್ಣುಮಗುವನ್ನು ನಿಮಗೆ ಕೊಡಲು ಒಪ್ಪಿದ್ದಾರೆ. ಅಳಿಯಂದಿರು ಸಹಿ ಹಾಕಿಯಾಗಿದೆ, ನೀನು ಹಾಕುತ್ತಿಲ್ಲ. ಜೂನ್ ಕೊನೆಯೊಳಗೆ ನೀನೂ ಹಾಕದಿದ್ದರೆ ಮಗು ಬೇರೆಯವರ ಪಾಲಾಗುತ್ತದೆ. ಏಕೆ ಎಂದು ಕೇಳಿದರೆ, ‘ನನ್ನ ಕೈಯಲ್ಲಿ ಯಾವುದೂ ಉಳಿಯಲ್ಲ’ ಎನ್ನುತ್ತೀಯಂತೆ. ಈ ಮಾತು ನಿನಗೆ ಎಲ್ಲಿಂದ ಬಂತೆಂದು ನನ್ನನ್ನು ಕೇಳಿದ್ದಾರೆ.

ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸುದ್ದಿ ಬರೆಯುತ್ತೇನೆ. ನೇರವಾಗಿ ಅಲ್ಲಿಗೆ ಹೋಗುವಷ್ಟು ಶಕ್ತಿ ಈಗಿಲ್ಲ.

ಶನಿವಾರದ ನನ್ನ ಪಾಠಕ್ಕೆ ಈಗ ಎಂಟು ಮಕ್ಕಳು. ಎರಡು ವರ್ಷದ ಹಿಂದೆ ಶಾಲೆಯ ದೊಡ್ಡ ಟೀಚರ್ ಬಂದು, ‘ಅಮ್ಮಾ, ನಮ್ಮ ಮಕ್ಕಳು ಮೂಲಂಗಿಯನ್ನ ಮರದಲ್ಲಿ ಹುಡುಕ್ತಾರೆ, ಏನಾದ್ರೂ ಮಾಡಿ’ ಎಂದಿದ್ದರಲ್ಲ, ಅಂದಿನಿಂದ ನಡೆಯುತ್ತಿದೆ. ಮೊದಲ ಒಂದು ಗಂಟೆ ಹಿತ್ತಲಲ್ಲಿ, ಆಮೇಲೆ ಅಡುಗೆಮನೆಯಲ್ಲಿ. ದರ್ಜಿಯ ಮಗ ಈರುಳ್ಳಿಯನ್ನು ಅಳತೆಪಟ್ಟಿ ಇಟ್ಟ ಹಾಗೆ ಹೆಚ್ಚುತ್ತಾನೆ. ಬ್ರೆಡ್ ಅಂಗಡಿಯವನ ಅವಳಿ ಹೆಣ್ಣುಮಕ್ಕಳು ಹೆಚ್ಚಿದ್ದಕ್ಕಿಂತ ಬಾಯಿಗೆ ಹಾಕಿಕೊಂಡದ್ದೇ ಹೆಚ್ಚು. ಎರೆಹುಳ ಕಂಡರೆ ಕಿರುಚುತ್ತಿದ್ದವರು ಈಗ ಒಂದು ದಪ್ಪ ಹುಳಕ್ಕೆ ‘ಇನ್‌ಸ್ಪೆಕ್ಟರ್’ ಎಂದು ಹೆಸರಿಟ್ಟು, ಅದು ಕಾಣಿಸದ ದಿನ ವಿಚಾರಿಸುತ್ತಾರೆ. ಪಾಠ ಮುಗಿಯುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿರುತ್ತದೆ. ಗೋಡೆ ಹಿಡಿದು ಒಳಗೆ ಹೋಗುವುದನ್ನು ಅವರಿಗೆ ತೋರಿಸುವುದಿಲ್ಲ.

ಒಬ್ಬೊಬ್ಬರಿಗೂ ಒಂದು ಕುಂಡ, ಅದರಲ್ಲಿ ಒಂದು ಹುರುಳಿಕಾಯಿ ಗಿಡ. ಮಕ್ಕಳ ಆರೈಕೆ ನಿನಗೆ ಗೊತ್ತಲ್ಲ. ಒಬ್ಬ ಮುಳುಗಿಸುತ್ತಾನೆ, ಇನ್ನೊಬ್ಬಳು ಬೇರು ಬಂತೇ ಎಂದು ಪ್ರತಿ ಸಲ ಕಿತ್ತು ನೋಡುತ್ತಾಳೆ. ಗಿಡಗಳು ಸಾಯುತ್ತಿದ್ದವು. ಆದರೆ ನನ್ನ ಹಿತ್ತಲಲ್ಲಿ ಯಾವ ಮಗುವಿನ ಗಿಡವೂ ಸತ್ತದ್ದಿಲ್ಲ. ನೀರಿನ ತೊಟ್ಟಿಯ ಹಿಂದೆ ನಾನೇ ಅದೇ ತಳಿಯ ಗಿಡಗಳನ್ನು ಅದೇ ಅಳತೆಯ ಕುಂಡಗಳಲ್ಲಿ ಬೆಳೆಸಿಡುತ್ತಿದ್ದೆ. ಶುಕ್ರವಾರ ಸಂಜೆ ಸತ್ತದ್ದನ್ನು ಕುಂಡ ಸಮೇತ ತೆಗೆದು ಬದುಕಿದ್ದನ್ನು ಇಡುತ್ತಿದ್ದೆ. ಶನಿವಾರ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು.

ಸಿಕ್ಕಿಬಿದ್ದದ್ದು ಔಷಧಿ ಅಂಗಡಿಯವರ ಮಗಳ ಕೈಯಲ್ಲಿ. ಎಂಟು ವರ್ಷ, ಸಣ್ಣಗಿದ್ದಾಳೆ, ನಾಲಿಗೆ ಮಾತ್ರ ಚೂರಿ. ಎಲ್ಲರೂ ‘ಮೆಣಸಿನಕಾಯಿ’ ಎಂದು ಕರೆಯುತ್ತಾರೆ. ಹೋದ ತಿಂಗಳು ಅವಳ ಮುಂದಿನ ಹಲ್ಲು ಬಿದ್ದಿತ್ತು. ಯಾರಿಗೂ ಹೇಳದೆ ಅದನ್ನು ತನ್ನ ಕುಂಡದಲ್ಲಿ ಹೂತಿಟ್ಟಿದ್ದಾಳೆ. ಅದರ ಮುಂದಿನ ಶನಿವಾರ ಬಂದವಳೇ ಮೊಳಕೆ ಬಂತೇ ಎಂದು ಕೆದಕಿದಳು, ಆಮೇಲೆ ಕುಂಡವನ್ನೇ ಬೋರಲು ಹಾಕಿದಳು.

‘ಅಜ್ಜೀ, ನನ್ನ ಹಲ್ಲೆಲ್ಲಿ?’

‘ಯಾವ ಹಲ್ಲೇ?’

‘ಇದ್ರಲ್ಲಿಟ್ಟಿದ್ದೆ. ಇದು ನನ್ನ ಕುಂಡ ಅಲ್ಲ.’

‘ನಿಂದೇ. ಸುಮ್ನೆ ನೀರು ಹಾಕು.’

‘ಕುಂಡ ನಂದಾದ್ರೆ ಹಲ್ಲೂ ಇರ್ಬೇಕಲ್ಲ! ಹಲ್ಲಿಗೆ ಕಾಲು ಬಂತಾ?’

ಬೇರೆಯವರು ಹಾಗೆ ಕೇಳಿದ್ದರೆ ಬಾಗಿಲು ತೋರಿಸುತ್ತಿದ್ದೆ. ಅವಳ ಬೊಚ್ಚುಬಾಯಿ ನೋಡಿ ಸುಳ್ಳು ಹೊರಡಲಿಲ್ಲ. ‘ನಿನ್ನ ಗಿಡ ಸತ್ತುಹೋಯ್ತು ಕಣೇ. ನಾನೇ ಬೇರೆ ಇಟ್ಟೆ’ ಎಂದೆ.

‘ಯಾಕೆ ಸತ್ತೋಯ್ತು?’

‘ನೀನು ನೀರು ಜಾಸ್ತಿ ಹಾಕ್ತಿದ್ದೆ.’

‘ಹಾಗಂತ ಹೇಳಿದ್ರೆ ಕಮ್ಮಿ ಹಾಕ್ತಿದ್ನಲ್ಲ!’

ಎಂಟೂ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಗೊಬ್ಬರದ ಗುಂಡಿಯಿಂದ ಸತ್ತ ಗಿಡ ತೆಗೆದು ತೋರಿಸಿದೆ. ಬೇರು ಕೊಳೆತು ಕಪ್ಪಗಾಗಿತ್ತು. ಯಾರಾದರೂ ಅತ್ತುಬಿಡುತ್ತಾರೆಂದು ಹೆದರಿದ್ದೆ. ಒಬ್ಬರೂ ಅಳಲಿಲ್ಲ. ಮೂಸಿ ನೋಡಿದರು. ‘ನಂದೂ ಸತ್ತಿತ್ತಾ ಅಜ್ಜಿ?’ ಎಂದು ಒಬ್ಬೊಬ್ಬರೇ ಕೇಳಿದರು. ದರ್ಜಿಯ ಮಗನಂತೂ, ‘ನಂದು ಎರಡು ಸಲ ಸತ್ತಿದೆ, ಗೊತ್ತಾ!’ ಎಂದು ಉಳಿದವರ ಮುಂದೆ ಜಂಬ ಕೊಚ್ಚಿದ. ಮಣ್ಣಿಗೆ ಬೆರಳು ಚುಚ್ಚಿ, ಎರಡನೇ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ನೀರು ಎಂದು ಅಂದು ಕಲಿಸಿದೆ. ಎರಡು ವರ್ಷದಲ್ಲಿ ನಾನು ನಿಜವಾಗಿ ಕಲಿಸಿದ ಮೊದಲ ಪಾಠ ಅದು.

ತೊಟ್ಟಿಯ ಹಿಂದಿನ ಗಿಡಗಳನ್ನೆಲ್ಲ ಬೀದಿಯವರಿಗೆ ಹಂಚಿಬಿಟ್ಟೆ. ಈಗ ಮಕ್ಕಳ ಕುಂಡಗಳಲ್ಲಿ ಮೂರು ಖಾಲಿ ಇವೆ.

ಪತ್ರ ಮುಗಿಸುವಾಗ ‘ಹೊಟ್ಟೆ ತಣ್ಣಗಿರಲಿ’ ಎಂದು ಹರಸುವುದು ರೂಢಿ. ನಿನಗೆ ಹಾಗೆ ಬರೆಯಲು ನನಗೆ ಮುಖವಿಲ್ಲ. ನಿನಗೆ ನಿದ್ದೆ ಬರಲಿ. ಅಳಿಯಂದಿರು ಚೆನ್ನಾಗಿರಲಿ.

ಇಂತು,
ನಿನ್ನ ಅಮ್ಮ

ವಿ.ಸೂ.: ಸಹಿ ಹಾಕಿದ ಮೇಲೂ ಪೆನ್ನು ಮುಚ್ಚಲಾಗಲಿಲ್ಲ. ಇಷ್ಟು ಹೊತ್ತು ಕಂಡವರ ಮಕ್ಕಳ ಕುಂಡದ ಕತೆ ಬರೆದೆ. ನಿನ್ನ ಟೊಮೆಟೊ ಪಾತಿಯ ಕತೆ ಬರೆಯಲಿಲ್ಲ.

ನಿನಗಾಗ ಒಂಬತ್ತು ವರ್ಷ. ಹಿತ್ತಲ ಗೋಡೆಯ ಪಕ್ಕ ನೀನು ಹನ್ನೆರಡು ಸಸಿ ನೆಟ್ಟು, ಒಂದೊಂದಕ್ಕೂ ಕಡ್ಡಿ ಕಟ್ಟಿದ್ದೆ. ನೆಂಟರು ಊಟಕ್ಕೆ ಬಂದ ದಿನ ತೋರಿಸುತ್ತೇನೆಂದು ಎಲ್ಲರನ್ನೂ ಎಳೆದುಕೊಂಡು ಹೋದೆ. ಹನ್ನೆರಡೂ ಜೋತುಬಿದ್ದಿದ್ದವು. ಹದಿನಾಲ್ಕು ಜನ ನಿಂತಿದ್ದರು. ನಾನು ನಕ್ಕು ಹೇಳಿದೆ: ‘ನನ್ನ ಕೈಗುಣ ಇವಳಿಗೆ ಬರ್ಲಿಲ್ಲ. ಇವಳು ಮುಟ್ಟಿದ್ದು ಯಾವುದೂ ಉಳಿಯಲ್ಲ.’ ಎಲ್ಲರೂ ನಕ್ಕರು. ನಿನ್ನ ಚಿಕ್ಕಮ್ಮ ಅಂದೇ ‘ಒಣಗೈ’ ಎಂದು ಹೆಸರಿಟ್ಟಳು. ಆಮೇಲೆ ನೀನು ಮಣ್ಣನ್ನೂ ಮುಟ್ಟಲಿಲ್ಲ, ಸೌಟನ್ನೂ ಹಿಡಿಯಲಿಲ್ಲ.

ಮೂರನೆಯ ದಿನ ನಿನ್ನ ಪಾತಿಯ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಕಂಡೆ. ನಾಲಿಗೆಗೆ ತಾಗಿಸಿ ನೋಡಿದೆ. ಉಪ್ಪು. ನೆಂಟರು ಬರುವ ಹಿಂದಿನ ಸಂಜೆ ಉಪ್ಪು ಹಾಕಿಟ್ಟಿದ್ದ ನಿಂಬೆಯ ಜಾಡಿ ಬರಿದು ಮಾಡಿ ತೊಳೆದಿದ್ದೆ. ಹಿಂಬಾಗಿಲಲ್ಲಿ ಎರಡು ಬಕೆಟ್ ಇದ್ದವು. ಒಂದರಲ್ಲಿ ತರಕಾರಿ ತೊಳೆದ ನೀರು, ಇನ್ನೊಂದರಲ್ಲಿ ಆ ಉಪ್ಪುನೀರು. ಅಡುಗೆಯ ಗಡಿಬಿಡಿಯಲ್ಲಿ ನಿನ್ನ ಸಸಿಗಳಿಗೆ ಉಪ್ಪುನೀರು ಸುರಿದವಳು ನಾನು.

ಹೇಳಲಿಲ್ಲ. ನನ್ನ ಕೈ ತಪ್ಪಿತು ಎನ್ನುವುದಕ್ಕಿಂತ, ನಿನಗೆ ಕೈಗುಣವಿಲ್ಲ ಎನ್ನುವುದು ನನಗೆ ಸುಲಭವಾಗಿತ್ತು. ನಿನಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಲ್ಲಿ ನೀನು ಗೋಡೆಯ ಕಡೆ ಮುಖ ಮಾಡಿಕೊಂಡು, ‘ನೀನು ಆಗ್ಲೇ ಹೇಳಿದ್ದೆ ಅಲ್ವೇನಮ್ಮಾ’ ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನ ತಲೆ ಸವರುತ್ತಾ ಕೂತಿದ್ದೆ.

ಹದಿನಾಲ್ಕು ಜನರಲ್ಲಿ ಈಗ ಉಳಿದಿರುವವರು ಎಂಟು. ನಿಮ್ಮಪ್ಪನಿಗೆ ಅವರು ಹೋಗುವವರೆಗೂ ಹೇಳದೆಯೇ ಉಳಿಯಿತು. ನಿನ್ನೆ ಆ ಎಂಟು ಜನರನ್ನೂ ಊಟಕ್ಕೆ ಕರೆದೆ. ಊಟವಾದ ಮೇಲೆ ಅದೇ ಗೋಡೆಯ ಬಳಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ನಿನ್ನ ದೊಡ್ಡಪ್ಪನಿಗೆ ಕಿವಿ ಪೂರ್ತಿ ಹೋಗಿದೆ. ‘ಏನಂತೆ? ಏನಂತೆ?’ ಎಂದು ಎಲ್ಲರನ್ನೂ ಕೇಳಿದರು. ಅವರ ಕಿವಿಗೆ ಬಾಯಿಟ್ಟು, ‘ಗಿಡ ಸಾಯಿಸಿದ್ದು ನಾನು ಭಾವಾ, ಮಗು ಅಲ್ಲ!’ ಎಂದು ಕೂಗಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ತೆರೆಯಲಿ ಎಂದು ಇನ್ನೊಂದು ಸಲ ಕೂಗಿದೆ.

ನಿನ್ನ ಚಿಕ್ಕಮ್ಮ, ‘ಅಯ್ಯೋ ಬಿಡಿ ಅಕ್ಕಾ, ಯಾವ ಕಾಲದ್ದು! ನಾಲ್ಕು ಟೊಮೆಟೊ ಗಿಡಕ್ಕೆ ಇಷ್ಟೊಂದಾ?’ ಎಂದಳು.

‘ನಿನಗೆ ಯಾವ ಕಾಲದ್ದೋ, ನನ್ನ ಮಗಳಿಗೆ ಇವತ್ತಿಂದು’ ಎಂದೆ. ‘ಇನ್ನು ಆ ಹೆಸರು ನಿನ್ನ ಬಾಯಲ್ಲಿ ಬಂದ್ರೆ ಈ ಹೊಸಿಲು ತುಳೀಬೇಡ.’ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನಾನು ಹಾಗೆ ಕೂತದ್ದನ್ನು ಅವರು ನೋಡಿದ್ದು ಅದೇ ಮೊದಲು.

ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ. ಅದರಲ್ಲಿ ನನ್ನ ಮಾತು ನಡೆಯಬಾರದು. ಅಳಿಯಂದಿರು ಕೇಳಿದ್ದರಲ್ಲ, ಅವರಿಗೂ ಇದನ್ನೆಲ್ಲ ಬೇರೆ ಪತ್ರದಲ್ಲಿ ಬರೆದು ಇವತ್ತು ಬೆಳಿಗ್ಗೆ ನಾನೇ ಅಂಚೆ ಡಬ್ಬಿಯವರೆಗೆ ನಡೆದುಹೋಗಿ ಹಾಕಿ ಬಂದೆ. ಇನ್ನು ನಾನು ಬೇಕೆಂದರೂ ಹಿಂದಕ್ಕೆ ತೆಗೆದುಕೊಳ್ಳಲಾಗದು.