ಕನ್ನಡಿಯ ಪಕ್ಕದ ಟ್ಯಾಬ್

ಸೋಮವಾರ, ಮಧ್ಯಾಹ್ನ
(ಅಂಗಡಿಗೆ ರಜೆ)

ಪ್ರೀತಿಯ ಬಾಯಿಬಡುಕಿ,

ಹೀಗೆ ಕರೆದದ್ದಕ್ಕೆ ಆಮೇಲೆ ಬೈಯುವೆಯಂತೆ, ಮೊದಲು ಕಾಗದ ಪೂರ್ತಿ ಓದು. ನಾನೊಂದು ಕಳ್ಳತನ ಮಾಡಿದ್ದೇನೆ.

ಗಿರಾಕಿಗಳಿಗೆ ಕಟಿಂಗ್ ನಮೂನೆ ತೋರಿಸಲು ಕನ್ನಡಿಯ ಪಕ್ಕ ಇಟ್ಟ ಹಳೇ ಟ್ಯಾಬ್ ಇದೆಯಲ್ಲ, ಬ್ಲೇಡು, ಕ್ರೀಮು ತರಿಸಲು ಸುಲಭವಾಗಲಿ ಎಂದು ನೀನೇ ಅದಕ್ಕೆ ನಿನ್ನ ಮೆಸೇಜುಗಳನ್ನು ಜೋಡಿಸಿದ್ದೆ. ಇಪ್ಪತ್ತು ದಿನದ ಹಿಂದೆ ಸಿಟ್ಟು ಮಾಡಿಕೊಂಡು ಬೇರೆ ಬಾಡಿಗೆ ರೂಮು ಹಿಡಿದು ಹೋದಾಗ ಹೊಲಿಗೆ ಮಿಷನ್ನನ್ನೂ ಒಯ್ದೆ, ಇದನ್ನು ಮಾತ್ರ ಮರೆತೆ.

ಹೋದ ವಾರಕ್ಕೂ ಮೊದಲು ಒಂದು ದಿನ ಮೇಷ್ಟ್ರಿಗೆ ಗಡ್ಡ ಮಾಡುತ್ತಿದ್ದೆ. ಟ್ಯಾಬ್ ಟಿಣ್ ಎಂದಿತು. ಅವರು ನೊರೆ ಹಚ್ಚಿದ ಮುಖದಲ್ಲೇ ಗಟ್ಟಿಯಾಗಿ ಓದಿದರು: "ಆ ಮೂಕಬಸವನ ಚಿಂತೆ ಬಿಡೇ, ಊಟ ಮಾಡು." ಬರೆದದ್ದು ನಿನ್ನ ಅಕ್ಕ. ಮೂಕಬಸವ ಯಾರೆಂದು ಮೇಷ್ಟ್ರಿಗೆ ತಿಳಿಯಲಿಲ್ಲ, ಸದ್ಯ. ನನ್ನ ಕತ್ತಿ ಜಾರಿದ್ದಕ್ಕೆ ಅವರ ಗಲ್ಲ ಉಳಿದದ್ದೇ ಹೆಚ್ಚು.

ಆಗಲೇ ಆರಿಸಬೇಕಿತ್ತು. ಕುರ್ಚಿಯಲ್ಲಿ ಕೂತವರ ಮಾತನ್ನು ಕೂದಲ ಜೊತೆಗೇ ಗುಡಿಸಿ ಹಾಕಬೇಕು ಎಂದು ಅಪ್ಪ ಕಲಿಸಿದ್ದರು. ಊರವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವನು ಹೆಂಡತಿಯ ಗುಟ್ಟನ್ನು ಹನ್ನೆರಡು ದಿನ ಕೂತು ಓದಿದೆ. ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾರರು ಎಂದು ಅಲ್ಲೇ ಬರೆದಿದೆ, ಬೀಗದ ಚಿತ್ರ ಬೇರೆ! ದಾರಿಯಲ್ಲಿ ಯಾರೂ ಓದಲಿಲ್ಲ, ನಿಜ. ಒಳಗೇ ಕೂತ ಗಂಡನಿಗೆ ಆ ಬೀಗ ಏನು ಮಾಡೀತು?

ನಾನು ಮಾತೇ ಕೇಳಿಸಿಕೊಳ್ಳುವುದಿಲ್ಲ ಎಂದು ತಾನೇ ನೀನು ಹೋದದ್ದು? ದಿನವಿಡೀ ಗಿರಾಕಿಗಳ ಮಾತು ಕೇಳಿ, ಮನೆಗೆ ಬಂದ ಮೇಲೆ ಕಿವಿ ಮುಚ್ಚಿಬಿಡುತ್ತಿದ್ದೆ. ನಿನ್ನ ಮೊಣಕಾಲು ನೋವು ಎರಡು ವರ್ಷದ್ದಂತೆ. ಬೇಕರಿಯಲ್ಲಿ ನಿನ್ನನ್ನು ಮೇಲ್ವಿಚಾರಕಿ ಮಾಡಿದ ದಿನ ಓಡಿಬಂದು ಹೇಳಿದರೆ ನಾನು "ಹೂಂ" ಎಂದು ಮಗ್ಗುಲು ಬದಲಿಸಿದೆನಂತೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಅಂಗಡಿಯಲ್ಲೇ ಕೂತು ಅತ್ತುಬಿಟ್ಟೆ.

ನಿನ್ನೆ ನೀನು ಬರೆದೆ: "ಒಂದು ಸಲ ಬಂದು, ಎದುರು ಕೂತು, ನಿಂಗೇನಾಗಿದೆ ಅಂತ ಕೇಳಿದ್ರೆ ಸಾಕು ಕಣಕ್ಕಾ." ಓದಿದವನೇ ಅಂಗಡಿ ಮುಚ್ಚಿ ಬಸ್‌ಸ್ಟಾಪಿನವರೆಗೂ ಓಡಿದೆ. ಬಂದು ಕೇಳಿದ್ದರೆ ನೀನು ನಂಬಿಬಿಡುತ್ತಿದ್ದೆ. ಅದೇ ಭಯವಾಯಿತು. ಕಾಪಿ ಹೊಡೆದು ಪಾಸಾದ ಹಾಗೆ ನಿನ್ನನ್ನು ಕರೆತಂದು, ಆಮೇಲೆ ದಿನಾ ನಿನ್ನ ಮುಖ ಹೇಗೆ ನೋಡಲಿ? ವಾಪಸ್ ಹೋಗಿ ಟ್ಯಾಬಿನಲ್ಲಿ ಲಾಗೌಟ್ ಮಾಡಿದೆ. ಬೇರೆಲ್ಲಾದರೂ ಹೀಗೆ ಜೋಡಿಸಿದ್ದೀಯಾ ಎಂದು ನೀನೂ ಫೋನಿನಲ್ಲಿ ನೋಡಿಕೋ.

ಬೈಯುವುದಿದ್ದರೆ ಎದುರಿಗೇ ಬೈ, ಒಂದಕ್ಷರ ಬಿಡದೆ ಕೇಳುತ್ತೇನೆ. ಗುರುವಾರ ಸಂಜೆ ಐದಕ್ಕೆ ಬೇಕರಿ ಎದುರಿನ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ
ಮೂಕಬಸವ

ಇನ್ನೊಂದು ಮಾತು: ಲಾಗೌಟ್ ಮಾಡುವ ಹೊತ್ತಿಗೆ ಸರಿಯಾಗಿ ನಿನ್ನ ಅಕ್ಕ ಕೇಳಿದ್ದರು: "ನಾಳೆನೇ ಬಂದು ಕರೆದ್ರೆ ಹೋಗ್ತೀಯೇನೇ?" ಸುಳ್ಳು ಹೇಳಲಾರೆ, ಬೆರಳು ಸ್ವಲ್ಪ ಹೊತ್ತು ತಡೆದು ನಿಂತಿತು. ನಿನ್ನ ಉತ್ತರ ಬರುವ ಮೊದಲೇ ಒತ್ತಿಬಿಟ್ಟೆ. ನೀನು ಏನು ಹೇಳಿದೆಯೋ ನನಗೆ ನಿಜವಾಗಿಯೂ ಗೊತ್ತಿಲ್ಲ.